ಉಪ್ಪು ಹೇಳಿದ ತೀರ್ಪು

ಧರ್ಮಪುರದ ನನ್ನ ಶೇಂಗಾ ಮಂಡಿಯಲ್ಲಿ, ಒಂದು ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಸದ್ದು ಕೇಳಿ, "ಇನ್ನೂ ಹಸಿ ಐತೆ, ರೇಟು ಇಳಿಸ್ಕಳಪ್ಪ" ಎಂದು ರೈತನಿಗೆ ಹೇಳುತ್ತಿದ್ದೆ. ತೇವ ಅಳೆಯುವ ಯಂತ್ರ ಆಗಿನ್ನೂ ನಮ್ಮಲ್ಲಿಗೆ ಬಂದಿರಲಿಲ್ಲ. ಜೊತೆಗಿದ್ದ ಅವನ ಮಗಳು, ಹೈಸ್ಕೂಲು ಹುಡುಗಿ, ತನ್ನ ಚೀಲದಿಂದ ತೆಗೆದ ಗಾಜಿನ ಸೀಸೆಗೆ ಅವರ ಕಾಯಿ, ಒಣ ಉಪ್ಪು ಹಾಕಿ ಕುಲುಕಿದಳು. ಉಪ್ಪು ಗಾಜಿಗೆ ಅಂಟಲಿಲ್ಲ.

"ಹಸಿ ಇದ್ರೆ ಅಂಟುತ್ತೆ ಮಾಮ. ನಿಮ್ಮ ಕಾಯೀನೂ ಹಾಕ್ರಿ, ನೋಡಾಣ."

ಬೆಳಿಗ್ಗೆ ಕಿವಿ ನಂಬಿ, ಒಣಗಿದೆಯೆಂದು ಕೊಂಡಿದ್ದ ಕಾಯಿ ಹಾಕಿದೆ. ಉಪ್ಪು ಗಾಜಿಗೆಲ್ಲ ಮೆತ್ತಿಕೊಂಡಿತು.

"ಮೇಷ್ಟ್ರು ಹೇಳಿಕೊಟ್ರೇನಮ್ಮ?"

"ಹೇಳಿದ್ರು. ಆದ್ರೆ ಮನೇಲಿ ಹಸೀದು, ಒಣಗಿದ್ದು ಎರಡೂ ಹಾಕಿ ನೋಡಿದ್ಮೇಲೇ ನಾನು ನಂಬಿದ್ದು."

ಅವಳಪ್ಪ ಕೇಳಿದ ಬೆಲೆಯನ್ನೇ ಕೊಟ್ಟೆ.

ಅಂದಿನಿಂದ ಮಂಡಿಯಲ್ಲಿ ನಾನೂ ಒಂದು ಸೀಸೆ ಇಟ್ಟಿದ್ದೇನೆ. ಮಕ್ಕಳನ್ನು ವಿಜ್ಞಾನ ಓದಿಸುವವರಿಗೆ ನನ್ನದೊಂದು ಮಾತು: ಅಂಕ ಎಷ್ಟು ಬಂತೆಂದು ಕೇಳುವ ಮೊದಲು, ಮಾಡಿ ನೋಡಿದೆಯಾ ಎಂದು ಕೇಳಿ.