ಕಾಲುಂಗುರದ ಬಾತು

ನಮ್ಮೂರ ಕೆರೆಯ ನೀರನ್ನು ಮುನಿಯಪ್ಪ ತನ್ನ ಮೊಣಕಾಲಿನಿಂದ ಅಳೆಯುತ್ತಿದ್ದ. ತೂಬಿನ ಪಕ್ಕದ ಕಲ್ಲಿನ ಮೇಲೆ ನಿಂತಾಗ ನೀರು ಮೊಣಕಾಲಿಗಿಳಿದಿದ್ದರೆ ತೂಬು ಮುಚ್ಚಿಬಿಡುತ್ತಿದ್ದ. ಆಮೇಲೆ ಯಾರ ಗದ್ದೆ ಒಣಗಿದರೂ ಎತ್ತುತ್ತಿರಲಿಲ್ಲ. ಸಮೇತನಹಳ್ಳಿ ಕಡೆಯ ನಮ್ಮೂರಿಗೆ ಅವನೇ ನೀರುಗಂಟಿ. ಗದ್ದೆಗಳಿಗೆ ಸರದಿಯಂತೆ ನೀರು ಹಂಚುವವನು. ಒಣಕಲು ಆಸಾಮಿ. ಬಾಯಿ ಮಾತ್ರ ಜೋರು.

"ಉಳಿಸಿರೋ ನೀರು ಯಾರ ಪಾಲಿಗ್ಲಾ?" ಎಂದು ಒಮ್ಮೆ ಕೇಳಿದ್ದೆ.

"ದನದ್ ಪಾಲು, ಮೀನಿನ್ ಪಾಲು, ಚಳಿಗೆ ಬರೋ ಹಕ್ಕಿ ಪಾಲು. ಅವೇನ್ ಅರ್ಜಿ ಕೊಡ್ತಾವಾ ಅವ್ವಾ? ನಾವೇ ತಿಳ್ಕಂಡು ಬಿಡ್ಬೇಕು."

"ಹಕ್ಕಿ ಕಂದಾಯ ಕಟ್ತದೇನ್ಲಾ?"

"ನೀವ್ ಕಟ್ಟಿದ್ ಕಂದಾಯಕ್ಕೆ ಮಳೆ ಬಂತಾ?" ಎಂದು ನಕ್ಕಿದ್ದ.

ಅರವತ್ತರ ದಶಕದ ಕೊನೆ ಇರಬೇಕು. ಸಂಕ್ರಾಂತಿ ಕಳೆದಿತ್ತು. ತಡವಾಗಿ ನಾಟಿ ಮಾಡಿದ್ದ ನಮ್ಮ ಭತ್ತ ತೆನೆ ಹೊರಡುವ ಹೊಡೆಗೆ ಬಂದಿತ್ತು, ಇನ್ನೆರಡು ಸಲ ನೀರು ಬೇಕಿತ್ತು. ಮುನಿಯಪ್ಪ ತೂಬು ಮುಚ್ಚಿದ.

ಆ ವಾರವೇ ನನ್ನ ಗಂಡ ಕೆರೆಯಲ್ಲಿ ಬಲೆ ಹಾಕಿ ಒಂದು ಬಾತು ಹಿಡಿದು ತಂದ. ನಾನು ಪುಕ್ಕ ಕಿತ್ತು ಕಾಲು ಕತ್ತರಿಸುವಾಗ ಮಚ್ಚಿಗೆ ಟಣ್ ಎಂದು ಏನೋ ತಗುಲಿತು. ಕಾಲಿಗೆ ಬಿಳಿ ಉಂಗುರ, ಅದರ ಮೇಲೆ ಇಂಗ್ಲಿಷ್ ಅಕ್ಷರ. ನನಗೆ ಬರುವುದು ಕೂಡಿಸಿ ಓದುವಷ್ಟು ಕನ್ನಡ. ಶಾಲೆಯ ಮೇಷ್ಟ್ರು ಬಂದು ಓದಿದರು.

"ರಷ್ಯಾ ದೇಶದ್ದು ಕಣಮ್ಮ. ಹಕ್ಕಿ ಎಲ್ಲೆಲ್ಲಿ ಹೋಗ್ತದೆ ಅಂತ ತಿಳ್ಕೊಳ್ಳೋಕೆ ಹಾಕಿ ಬಿಟ್ಟಿದ್ದಾರೆ. ಸಿಕ್ಕಿದೋರು ಕಾಗದ ಬರೀಬೇಕಂತೆ, ನಾನೇ ಬರೀತೀನಿ."

ಅಂಗಳದಲ್ಲಿ ನಿಂತಿದ್ದ ಮುನಿಯಪ್ಪ ಬಗ್ಗಿ ಉಂಗುರ ನೋಡಿದ. "ಕಾಲುಂಗುರ ಹಾಕಿ ಕಳ್ಸವ್ರೆ! ಯಾರ್ದೋ ಮನೆ ಹೆಣ್ಮಗಳು. ನಮ್ ಕೆರೇಲಿ ನೀರೈತೆ, ಸುಖವಾಗಿರ್ತಾಳೆ ಅಂತ ನಂಬ್ಕಂಡು ಕಳ್ಸವ್ರೆ!"

"ಬಾತಿಗೆ ಗಂಡ ಯಾರ್ಲಾ?" ಎಂದೆ. ಅವನು ನಗಲಿಲ್ಲ. ಸಾರು ಮಾಡಿದೆ. ನಾನೂ ತಿಂದೆ.

ಮಾರನೆಯ ದಿನ ಊರ ಗೌಡರಾದ ನನ್ನ ಮಾವ ಅವನನ್ನು ಕರೆಸಿದರು. "ತೂಬು ಎತ್ಲಾ."

"ನನ್ ಕೈಲಾಗಲ್ಲ ಬುದ್ಧಿ. ಅಲ್ಲಿಯವ್ರು ಕಾಪಾಡಿ ಕಳ್ಸವ್ರೆ. ಇಲ್ಲಿ ನಾವ್ ಕಾಪಾಡ್ಬೇಕಲ್ವಾ?"

"ಹಂಗಾದ್ರೆ ನೀರುಗಂಟಿ ಕೆಲ್ಸ ಬಿಡು."

ಬಿಟ್ಟ. ಅಪ್ಪನ ಕಾಲದಿಂದ ಬಂದಿದ್ದ ಕೆಲಸ. ಬೂದಿಗೆರೆಯಲ್ಲಿದ್ದ ಮಗಳ ಮನೆಗೆ ಹೊರಟುಹೋದ. ಮಾವ ಆಳುಗಳಿಂದ ತೂಬು ಎತ್ತಿಸಿದರು. ನಮ್ಮ ಭತ್ತ ಕೈಗೆ ಬಂತು. ಕೆರೆಯ ಮೀನು ಕೆಸರಿನಲ್ಲಿ ಒದ್ದಾಡಿ ಸತ್ತವು. ಒಂದು ಬೆಳಗ್ಗೆ ಹಕ್ಕಿಗಳೆಲ್ಲ ಎದ್ದು ಹೋದವು. ಬೇಸಿಗೆಯೆಲ್ಲ ದನಗಳಿಗೆ ನಾವು ಹೆಂಗಸರು ಬಾವಿಯಿಂದ ನೀರು ಸೇದಿದೆವು.

ಆಗ ಬಂತು ಮೇಷ್ಟ್ರ ಕಾಗದಕ್ಕೆ ಉತ್ತರ. ರಷ್ಯಾದವರು ವಂದನೆ ತಿಳಿಸಿ ಒಂದು ಮಾತು ಕೇಳಿದ್ದರು: ನಿಮ್ಮ ಕೆರೆಯಲ್ಲಿ ಈಗ ನೀರಿದೆಯೇ? ಕಪಾಳಕ್ಕೆ ಹೊಡೆದಂತಾಯಿತು. ಮುಖ ನೋಡದ ಆ ಜನಕ್ಕೆ ನಮ್ಮ ಕೆರೆಯ ಚಿಂತೆ! ಮಾವ ಎದ್ದು ಒಳಗೆ ಹೋದರು.

ನಾನೊಬ್ಬಳೇ ಬೂದಿಗೆರೆಗೆ ಹೋದೆ. ಮುನಿಯಪ್ಪನ ಜನರ ಕೇರಿಗೆ ನಮ್ಮ ಮನೆಯ ಹೆಂಗಸರು ಕಾಲಿಟ್ಟವರೇ ಅಲ್ಲ. ಅವನ ಬಾಗಿಲಲ್ಲಿ ನಿಂತು ಕಾಗದದ ವಿಷಯ ಹೇಳಿದೆ.

"ಏನಂತ ಉತ್ರ ಬರ್ದ್ರವ್ವಾ?"

"ಏನೂ ಬರೀಲಿಲ್ಲ. ಏನಂತ ಬರೆಯೋದ್ಲಾ?"

ನನ್ನನ್ನೇ ನೋಡಿದ. ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಆ ಕಾಲದಲ್ಲಿ ಗೌಡರ ಮನೆಯವಳ ಮುಖಕ್ಕೆ ಅವರ ಜನ ಬಾಗಿಲು ಹಾಕುವುದೆಂದರೆ! ತೆಗೆಯುತ್ತಾನೆಂದು ಬಿಸಿಲಲ್ಲೇ ನಿಂತೆ.

ತೆಗೆಯಲಿಲ್ಲ.