ಒಂದೇ ಸುದ್ದಿಗೆ ಎರಡು ತೊಟ್ಟಿಲು

ನಾರಿನ್ ಪಟ್ಟಣದಲ್ಲಿ ಒಳ್ಳೆಯ ಸುದ್ದಿ ತಂದವರು ಬರಿಗೈಯಲ್ಲಿ ಹಿಂದಿರುಗುವುದಿಲ್ಲ. ಹೊಸ್ತಿಲಲ್ಲಿ ನಿಂತು "ಸುಯುಂಚು!" ಎಂದು ಕೂಗಿದರೆ ಸಾಕು, ಮನೆಯವರು ಏನಾದರೂ ಉಡುಗೊರೆ ಕೊಡಲೇಬೇಕು. ಆದರೆ ಅದು ಮೊದಲು ಬಂದವರಿಗೆ ಮಾತ್ರ. ಎರಡನೆಯವರಿಗೆ ಸಿಗುವುದು ಚಹಾ ಮತ್ತು ನಗು. ಜಿಪಾರಾ ಚಿಕ್ಕವಳಿದ್ದಾಗ ಆ ಬೀದಿಯಲ್ಲಿ ಅವಳಿಗಿಂತ ಜೋರಾಗಿ ಓಡುವವರಿರಲಿಲ್ಲ. ನಲವತ್ತು ದಾಟಿದ ಮೇಲೂ ಅವಳ ಕೆಲಸ ಸುದ್ದಿ ಮುಟ್ಟಿಸುವುದೇ. ಈಗ ಓಡುವುದು ಅವಳಲ್ಲ, ಅವಳು ಬರೆದ ಪ್ರೋಗ್ರಾಂ.

ಹೆರಿಗೆ ಆಸ್ಪತ್ರೆಯ ಕಂಪ್ಯೂಟರ್, ಜನನ ನೋಂದಣಿಯದು, ಲಸಿಕೆ ಕೇಂದ್ರದ್ದು, ಎಲ್ಲವೂ ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ಜನ ಮಾಡಿದವು. ಒಂದರ ಮಾತು ಇನ್ನೊಂದಕ್ಕೆ ತಿಳಿಯದು. ಜಿಪಾರಾ ಸೇವಾ ಕಚೇರಿಯಲ್ಲಿ ಕೂತು, ಪ್ರತಿಯೊಂದರ ಕೆಲಸವನ್ನೂ ಕೇಳಿದವರಿಗೆ ಒದಗುವ ಪುಟ್ಟ ಪುಟ್ಟ ಸೇವೆಗಳಾಗಿ ಬಿಡಿಸಿದ್ದಳು. ಅವುಗಳ ನಡುವೆ ಅವಳ ಪ್ರೋಗ್ರಾಂ ಸುದ್ದಿ ಒಯ್ಯುತ್ತಿತ್ತು, ಅನುವಾದಿಸುತ್ತಿತ್ತು, ಉತ್ತರ ಬಾರದಿದ್ದರೆ ಮತ್ತೆ ಹೋಗಿ ಬಾಗಿಲು ತಟ್ಟುತ್ತಿತ್ತು.

ಎದುರು ಕೋಣೆಯ ಮೆದೆರ್‌ಬೆಕ್ ನೆಟ್‌ವರ್ಕ್ ವಿಭಾಗದವನು. ತಂತಿಗಳೆಲ್ಲ ಅವನ ವಶ. ಹಿಂದಿನ ವರ್ಷ ಅವನು ಒಂದು ಉಕ್ಕಿನ ಪೆಟ್ಟಿಗೆ ತರಿಸಿದ್ದ. ಅದು ಸುದ್ದಿಯನ್ನು ದಾಟಿಸುವುದಷ್ಟೇ ಅಲ್ಲ, ಒಡೆದು ಓದಿ, ತಾನೇ ಅನುವಾದಿಸಿ, ಯಾರಿಗೆ ಸೇರಬೇಕೋ ಅವರಿಗೆ ಕಳಿಸುತ್ತಿತ್ತು.

"ತಂತಿಗೇ ಓದು ಬಂತಲ್ಲ, ಇನ್ನು ನಿನ್ನ ಪ್ರೋಗ್ರಾಂ ಯಾಕಮ್ಮ? ಪಿಂಚಣಿ ಕೊಟ್ಟು ಕಳಿಸು" ಎಂದು ಅವನು ರೇಗಿಸುವನು.

"ಅಂಚೆಯವನು ಊರವರ ಕಾಗದ ಒಡೆದು ಓದೋದು ದೊಡ್ಡಸ್ತಿಕೆಯಾ ಅಣ್ಣ?" ಎಂದು ಅವಳು ತಿರುಗಿಸುವಳು. ಇಷ್ಟಾದರೂ ಮಧ್ಯಾಹ್ನದ ಚಹಾ ಒಂದೇ ಕೆಟಲಿನದು, ಎಣ್ಣೆಯಲ್ಲಿ ಕರಿದ ಬೊರ್ಸೋಕ್ ಒಂದೇ ತಟ್ಟೆಯದು. ಯಾರ ಕೆಲಸ ಎಲ್ಲಿ ಮುಗಿಯುತ್ತದೆ ಎಂದು ಇಬ್ಬರೂ ಗೆರೆ ಎಳೆದಿರಲಿಲ್ಲ.

ಜೂನ್ ತಿಂಗಳ ಒಂದು ಬೆಳಿಗ್ಗೆ ಬುರುಲ್ ಅಜ್ಜಿ ಬೆಟ್ಟದ ಹುಲ್ಲುಗಾವಲಿನಿಂದ ಲಾರಿಯಲ್ಲಿ ಇಳಿದುಬಂದಳು. ಲಾರಿಯ ಮೇಲೆ ಎರಡು ತೊಟ್ಟಿಲು. ಮೊಮ್ಮಗ ಹುಟ್ಟಿದನೆಂದು ಅವಳ ಫೋನಿಗೆ ಎರಡು ಸಂದೇಶ ಬಂದಿದ್ದವು, ಎರಡರಲ್ಲೂ ಬೇರೆ ಬೇರೆ ಗುರುತಿನ ಸಂಖ್ಯೆ. ಅವಳಿ ಎಂದುಕೊಂಡು ಇಡೀ ಬೆಟ್ಟಕ್ಕೆ ಕುದುರೆ ಹಾಲಿನ ಕುಮಿಸ್ ಹಂಚಿ ಬಂದಿದ್ದಳು. ಆಸ್ಪತ್ರೆಯಲ್ಲಿ ಸೊಸೆ ಎಲ್ನೂರಾಳ ಪಕ್ಕದಲ್ಲಿದ್ದದ್ದು ಒಂದೇ ಮಗು.

ಎಲ್ನೂರಾ ಮೊದಲು ಹೊಟ್ಟೆ ಹಿಡಿದುಕೊಂಡು ನಕ್ಕಳು. ನೋಂದಣಿ ಕಚೇರಿಗೆ ಹೋದ ಗಂಡ ತಂದ ಉತ್ತರ ಕೇಳಿದ ಮೇಲೆ ನಗು ನಿಂತಿತು. ಪಟ್ಟಿಗೆ ಸೇರಿದ ಮಗುವನ್ನು ತೆಗೆಯಲು ಇರುವುದು ಎರಡೇ ದಾರಿ: ದೇಶ ಬಿಟ್ಟು ಹೋಗಿರಬೇಕು, ಇಲ್ಲವೇ ಸತ್ತಿರಬೇಕು. ಹೆಸರಿಡುವ ಮೊದಲೇ ಬರೆದದ್ದರಿಂದ ಪಟ್ಟಿಯ ಎರಡು ಸಾಲಿನಲ್ಲೂ ಇದ್ದದ್ದು 'ಎಲ್ನೂರಾಳ ಮಗ' ಎಂದು ಮಾತ್ರ. "ನನ್ನ ಮಗನ ಮೇಲೆ ಸಾವು ಬರೆಯೋಕೆ ಬಿಡಲ್ಲ" ಎಂದು ಅವಳು ಕೂಸನ್ನು ಅಪ್ಪಿ ಹಿಡಿದಳು.

ನೋಂದಣಿ ಅಧಿಕಾರಿ ಕಲ್ಲು ಮನಸ್ಸಿನವನಲ್ಲ. ಯಂತ್ರದ ತಪ್ಪೆಂದು ಸೇವಾ ಕಚೇರಿಯ ಎರಡೂ ವಿಭಾಗದವರು ಒಪ್ಪಿ ಕಾಗದಕ್ಕೆ ಸಹಿ ಹಾಕಿದರೆ ಎರಡನೆಯ ಸಾಲನ್ನೇ ಅಳಿಸುತ್ತೇನೆ, ಆ ಕಾಗದ ಸಂಜೆಯೊಳಗೆ ಬರದಿದ್ದರೆ ಸಾವೆಂದೇ ಬರೆಯಬೇಕಾಗುತ್ತದೆ ಎಂದ. ತಪ್ಪು ಯಾರದು ಎಂಬಲ್ಲಿ ಗಾಡಿ ನಿಂತಿತು.

"ಎರಡು ಸಲ ಕಳಿಸಿದ್ದು ನಿನ್ನ ಪ್ರೋಗ್ರಾಂ" ಎಂದ ಮೆದೆರ್‌ಬೆಕ್.

"ಉತ್ತರ ಬರಲಿಲ್ಲ, ಮತ್ತೆ ಕಳಿಸ್ತು. ಎರಡಕ್ಕೂ ಒಂದೇ ಗುರುತು ಹಾಕಿದ್ದೆ. ನೋಡಿದ್ರೆ ನೋಂದಣಿಯವರಿಗೆ ಹಳೇದು ಅಂತ ಗೊತ್ತಾಗ್ತಿತ್ತು. ಅಲ್ಲಿಗೆ ಹೋದಾಗ ಗುರುತು ಎಲ್ಲಿತ್ತು?"

ಮೆದೆರ್‌ಬೆಕ್ ತಲೆ ಕೆರೆದುಕೊಂಡ. ಅವನ ಪೆಟ್ಟಿಗೆ ಅನುವಾದ ಮಾಡುವಾಗ ಹಳೆಯ ಗುರುತು ಕಿತ್ತು, ಪ್ರತಿ ಸಲವೂ ತನ್ನದೊಂದು ಹೊಸ ಗುರುತು ಅಂಟಿಸುತ್ತಿತ್ತು. ಅಂದವಾಗಿ ಕಾಣಲಿ ಎಂದು ಅವನೇ ಹಾಗೆ ಮಾಡಿಸಿದ್ದ.

"ಹೋಗ್ಲಿ, ದೇಶ ಬಿಟ್ಟು ಹೋಯ್ತು ಅಂತಲೇ ಬರೆಸೋಣ" ಎಂದ ಮೆಲ್ಲಗೆ. "ಹುಟ್ಟಿದ ವಾರವೇ ರಷ್ಯಾಕ್ಕೆ ದುಡಿಯೋಕೆ ಹೊರಟ. ನಮ್ಮೂರಲ್ಲಿ ಯಾರು ನಂಬಲ್ಲ ಹೇಳು?"

ಜಿಪಾರಾಳಿಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ ಅವಳಿಗೆ ತನ್ನ ಹಳೆಯ ಓಟಗಳು ನೆನಪಾದವು. ಎಷ್ಟೋ ಸಲ ಸುದ್ದಿ ತಡವಾಗಿ ಸಿಕ್ಕಿ, ಏದುಸಿರು ಬಿಡುತ್ತಾ ಹೋಗಿ ಎರಡನೆಯವಳಾಗಿದ್ದಳು. ಆಗ ಮನೆಯವರಿಗೆ ಎರಡನೆಯ ಮಗು ಹುಟ್ಟಿತೆಂದು ಎಂದೂ ಅನ್ನಿಸಿರಲಿಲ್ಲ. ಯಾರ ಮನೆ, ಯಾವ ಮಗು ಎಂಬುದನ್ನು ದಾರಿಯಲ್ಲಿ ಯಾರೂ ಬದಲಿಸುತ್ತಿರಲಿಲ್ಲವಲ್ಲ.

ಅವಳು ಪೆನ್ನು ತೆಗೆದಳು. "ತಾಳ್ಮೆ ಇಲ್ಲದ್ದು ನನ್ನ ಪ್ರೋಗ್ರಾಮಿಗೆ, ಅಣ್ಣ. ಉತ್ತರಕ್ಕೆ ಒಂದು ಉಸಿರಿನಷ್ಟೂ ಕಾಯಲ್ಲ. ಅದು ನನ್ನ ತಪ್ಪು" ಎಂದು ಮೊದಲು ಸಹಿ ಹಾಕಿದಳು. "ಎಲ್ನೂರಾಗೆ ಬೇಕಾಗಿರೋದು ತಪ್ಪು ಯಾರದ್ದು ಅಂತಲ್ಲ."

ಮೆದೆರ್‌ಬೆಕ್ ಕಾಗದವನ್ನು ತನ್ನತ್ತ ಎಳೆದುಕೊಂಡ. ಸಹಿ ಹಾಕಿದರೆ ಇನ್ನು ಪೆಟ್ಟಿಗೆಯ ಬಗ್ಗೆ ಜಂಬ ಕೊಚ್ಚುವಂತಿಲ್ಲ. "ಬೊರ್ಸೋಕ್ ತಿನ್ನುವಾಗ ಇದನ್ನ ಎತ್ತಿ ಆಡ್ತೀಯ ನೀನು" ಎಂದ.

"ದಿನಾ ಆಡ್ತೀನಿ."

ಅವನು ನಕ್ಕು ಸಹಿ ಹಾಕಿದ. ಅಲ್ಲೇ ಗೆರೆಯೂ ಬಿತ್ತು: ಗುರುತು ಹಾಕುವುದು ಸುದ್ದಿ ಹುಟ್ಟುವ ಆಸ್ಪತ್ರೆ ಮಾತ್ರ, ಅನುವಾದ ಜಿಪಾರಾಳದು, ದಾರಿ ತೋರಿಸುವುದು ಪೆಟ್ಟಿಗೆಯದು. ಕಚೇರಿ ಮುಚ್ಚುವ ಮೊದಲೇ ಇಲ್ಲದ ಮಗು ಸಾಯದೆ, ರಷ್ಯಾಕ್ಕೂ ಹೋಗದೆ, ಪಟ್ಟಿಯಿಂದ ಅಳಿಸಿಹೋಯಿತು.

ಅಷ್ಟರಲ್ಲಿ ಎಲ್ನೂರಾ ಕೂಸಿನೊಂದಿಗೆ ಆಸ್ಪತ್ರೆಯಿಂದ ಪಟ್ಟಣದಲ್ಲಿದ್ದ ಅಜ್ಜಿಯ ಮನೆಗೆ ಬಂದಿದ್ದಳು. ಸುದ್ದಿ ಹೇಳಲು ಇಬ್ಬರೂ ಅಲ್ಲಿಗೆ ಓಡಿದರು. ನಿಜವಾಗಿಯೂ ಓಡಿದರು, ಮೆದೆರ್‌ಬೆಕ್‌ನ ಹೊಟ್ಟೆ ಅವನಿಗಿಂತ ಮುಂದೆ. ಹೊಸ್ತಿಲಲ್ಲಿ ಇಬ್ಬರ "ಸುಯುಂಚು!" ಒಟ್ಟಿಗೇ ಕೇಳಿತು.

ಅಜ್ಜಿ ಸುದ್ದಿ ಕೇಳಿ ಸೊಸೆಯ ಹಣೆಗೆ ಮುತ್ತಿಟ್ಟಳು. ಆಮೇಲೆ ತನ್ನ ಮರದ ಪೆಟ್ಟಿಗೆಯಿಂದ ತಾನೇ ಹೆಣೆದ ಉಣ್ಣೆಯ ಕಾಲುಚೀಲದ ಜೋಡಿ ತೆಗೆದು, ಒಂದನ್ನು ಅವಳಿಗೆ, ಒಂದನ್ನು ಅವನಿಗೆ ಕೊಟ್ಟಳು.

"ಒಂದೇ ಕಾಲಿಗಾ ಅಜ್ಜಿ?" ಎಂದ ಮೆದೆರ್‌ಬೆಕ್.

"ಒಂದು ಸುದ್ದಿಗೆ ಒಂದು ಜೊತೆ. ಎರಡು ಸಲ ಕೊಟ್ಟು ಕೊಟ್ಟು ಸಾಕಾಗಿದೆ ನನಗೆ. ಕುಮಿಸ್ ಎಲ್ಲ ಖಾಲಿ."

"ಮತ್ತೆ ಆ ಎರಡನೇ ತೊಟ್ಟಿಲು?" ಎಂದು ಜಿಪಾರಾ ಕೇಳಿದಳು.

ಅಜ್ಜಿ ಸೊಸೆಯ ಕಡೆ ತಿರುಗಿದಳು. ಎಲ್ನೂರಾ ಮಗುವಿನ ಕಿವಿ ಮುಚ್ಚಿ, "ಇವನು ನಡೆಯೋದು ಕಲೀಲಿ ಅತ್ತೆ, ಆಮೇಲೆ ನೋಡೋಣ" ಎಂದಳು.