ಅಮೆರಿಕದ ಪಾಠಕ್ಕೆ ತಂದ ರಾಟೆ

ಪಾವಗಡ ತಾಲೂಕಿನ ಒಂದು ಹಳ್ಳಿಯ ಮಿಡ್ಲ್ ಸ್ಕೂಲಿನಲ್ಲಿ ನಾನು ಟೀಚರಾಗಿದ್ದೆ. ಅರವತ್ತರ ದಶಕದ ಮೊದಲ ವರ್ಷಗಳು. ಎಂಟನೇ ತರಗತಿಯ ಸಮಾಜ ಪಾಠದ ಪುಸ್ತಕದಲ್ಲಿ ವಸಾಹತು ಕಾಲದ ಅಮೆರಿಕದ ದಿನನಿತ್ಯದ ಬದುಕಿನ ಬಗ್ಗೆ ಒಂದು ಪಾಠವಿತ್ತು. ಅದನ್ನು ಅಲ್ಲಿ ಸೇರಿಸಿದ ಪುಣ್ಯಾತ್ಮ ಯಾರೋ ನನಗೆ ಗೊತ್ತಿಲ್ಲ, ಕೈಗೆ ಸಿಕ್ಕಿದ್ದರೆ ನಾಲ್ಕು ಮಾತು ಕೇಳುತ್ತಿದ್ದೆ. ನಮ್ಮ ಮಕ್ಕಳಲ್ಲಿ ಹೆಚ್ಚಿನವರು ಮಧುಗಿರಿಯನ್ನೇ ಕಂಡವರಲ್ಲ. ಅಮೆರಿಕ ಎಂದರೆ ಅವರ ಪಾಲಿಗೆ ಮಧ್ಯಾಹ್ನ ಸ್ಕೂಲಿನಲ್ಲಿ ಕದಡಿ ಕೊಡುತ್ತಿದ್ದ ಹಾಲಿನ ಪುಡಿ ಬರುವ ಊರು, ಅಷ್ಟೆ.

ಇಂಗ್ಲೆಂಡಿನಿಂದ ಹಡಗು ಹತ್ತಿ ಹೋದ ಜನ ಇನ್ನೂರು ಮುನ್ನೂರು ವರ್ಷದ ಹಿಂದೆ ಅಲ್ಲಿ ಹೇಗೆ ಬದುಕುತ್ತಿದ್ದರು ಎಂದು ಶುರು ಮಾಡಿದೆ. ಆಗ ಅವರ ಮನೆಗಳಲ್ಲಿ ಕರೆಂಟು ಇರಲಿಲ್ಲ ಎಂದೆ. ಮಕ್ಕಳು ಕಣ್ಣು ಕೂಡ ಮಿಟುಕಿಸಲಿಲ್ಲ. ಸೌದೆ ಉರಿಯಲ್ಲೇ ಅಡುಗೆ, ಮುಸುಕಿನ ಜೋಳವನ್ನು ಮನೆಯಲ್ಲೇ ಕುಟ್ಟುತ್ತಿದ್ದರು, ಬೆಣ್ಣೆ ಕಡೆಯುತ್ತಿದ್ದರು, ಮಕ್ಕಳು ದೂರದಿಂದ ನೀರು ಹೊತ್ತು ತರುತ್ತಿದ್ದರು, ಹೆಣ್ಣುಮಕ್ಕಳು ರಾಟೆಯಲ್ಲಿ ಕುರಿಯ ಉಣ್ಣೆ ನೂಲುತ್ತಿದ್ದರು ಎಂದು ಹೇಳುತ್ತ ಹೋದೆ. ಹಿಂದಿನ ಸಾಲಿನಿಂದ ಒಬ್ಬ ಎದ್ದು ನಿಂತ.

"ಮಿಸ್, ಇದು ನಮ್ಮನೆ ವಿಸ್ಯ ಅಲ್ವಾ? ಇದ್ನ ಯಾಕೆ ಪುಸ್ತಕದಾಗೆ ಹಾಕವ್ರೆ?"

ಕ್ಲಾಸೆಲ್ಲ ಗೊಳ್ಳೆಂದಿತು. "ಇದು ಹಳೇ ಕಾಲದ್ದು ಕಣೋ" ಎಂದೆ. "ಯಾವ್ದು ಮಿಸ್ ಹಳೇದು?" ಎಂದ ಅವನು, ನಿಜವಾಗಿಯೂ ತಿಳಿಯದೆ. ನನಗೆ ರೇಗಿತು. ಅವನು ಕೇಳಿದ್ದು ಸರಿಯಾಗಿಯೇ ಇತ್ತು, ಅದಕ್ಕೇ ರೇಗಿದ್ದು. ಮೇಜು ಬಡಿದು ಕೂರಿಸಿದೆ.

ಆ ತರಗತಿಯಲ್ಲಿ ಇದ್ದದ್ದೇ ಮೂವರು ಹುಡುಗಿಯರು. ಅವರಲ್ಲಿ ಕಂಬಳಿ ನೇಯುವವರ ಮನೆಯವಳೊಬ್ಬಳು ಮಾತ್ರ ನಗಲಿಲ್ಲ. ಪುಸ್ತಕದ ಚಿತ್ರದ ಮೇಲೆ ಬೆರಳಿಟ್ಟು, "ಅವ್ರು ನಿಂತ್ಕಂಡು ನೂಲ್ತಾವ್ರೆ ಮಿಸ್. ನಾವು ಕೂತ್ಕಂತೀವಿ. ನಿಂತ್ರೆ ಕಾಲು ನೋಯಕಿಲ್ವಾ?" ಎಂದು ಕೇಳಿದಳು. ಪಾಠದ ಪೂರ್ತಿ ಅವಳೊಬ್ಬಳೇ ಅಮೆರಿಕದವರನ್ನು ಮನುಷ್ಯರೆಂದು ಬಗೆದಿದ್ದು.

ಆ ಹುಡುಗಿಯ ಮೇಲೆ ನಾನು ಬೆಟ್ಟದಷ್ಟು ಆಸೆ ಇಟ್ಟಿದ್ದೆ. ವರ್ಷದ ಕೊನೆಗೆ ಎಂಟನೇ ತರಗತಿಯ ಪಬ್ಲಿಕ್ ಪರೀಕ್ಷೆ. ಅದೊಂದು ದಾಟಿದರೆ ಪಾವಗಡದಲ್ಲಿ ಹೈಸ್ಕೂಲು, ಅಲ್ಲಿಂದ ಮುಂದೆ ಟೀಚರ್ ಟ್ರೈನಿಂಗು. ಎಲ್ಲವನ್ನೂ ನಾನೇ ಮನಸ್ಸಿನಲ್ಲಿ ಹಾಸಿಟ್ಟಿದ್ದೆ. ಅವಳ ಅಪ್ಪ ಕೆಟ್ಟವನಲ್ಲ. "ಓದ್ಲಿ ಬುಡಮ್ಮ. ಯಾರಾದ್ರೂ ಒಳ್ಳೆ ಮನೆಯವ್ರು ಕೇಳ್ಕಂಡು ಬಂದ್ರೆ ಮಾತ್ರ ಇಲ್ಲ ಅನ್ನಾಕಾಗಕಿಲ್ಲ" ಎಂದಿದ್ದ. ಅವಳಿಗಿಂತ ಚಿಕ್ಕವರಿಗೆಲ್ಲ ಮದುವೆ ಆಗಿಹೋಗುತ್ತಿತ್ತು, ಇವಳನ್ನು ಮಾತ್ರ ಯಾರೂ ಕೇಳಿಕೊಂಡು ಬಂದಿರಲಿಲ್ಲ. ದೇವರು ದೊಡ್ಡವನು ಅಂದುಕೊಂಡಿದ್ದೆ. ಪರೀಕ್ಷೆಗೆ ಇನ್ನೇನು ಬಹಳ ದಿನ ಉಳಿದಿರಲಿಲ್ಲ.

ಅಷ್ಟರಲ್ಲಿ ಇನ್‌ಸ್ಪೆಕ್ಟರು ಬರುತ್ತಾರೆಂದು ಸುದ್ದಿ ಬಂತು. ಪಾಠವನ್ನು ಬರೀ ಬಾಯಲ್ಲಿ ಹೇಳಬಾರದು, ಮಾಡಿ ತೋರಿಸಬೇಕು ಎನ್ನುವುದು ಆಗಿನ ಹೊಸ ಹುಚ್ಚು. ನಮ್ಮ ಹೆಡ್‌ಮಾಸ್ಟರೋ, ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಪೈಕಿ. ಮೇಲಿನವರು ಹೇಳಿದ ಮೇಲೆ ಮುಗಿಯಿತು. ಸ್ಕೂಲಿನ ಹಜಾರದಲ್ಲಿ ಒಂದು ಅಮೆರಿಕದ ಮನೆ ಮಾಡಿ, ಮಕ್ಕಳ ಕೈಲಿ ಸಾಮಾನು ತರಿಸಿ, ಊರವರನ್ನೂ ಕರೆಯಿರಿ ಎಂದು ಅಪ್ಪಣೆ ಮಾಡಿದರು.

ಒನಕೆ ಬಂತು, ಬೀಸುಕಲ್ಲು ಬಂತು, ಕಡಗೋಲು ಬಂತು. ಒಂದೊಂದಕ್ಕೂ ರಟ್ಟಿನ ಮೇಲೆ 'ಅಮೆರಿಕದ ಒನಕೆ' ಎಂಬಂತೆ ಹೆಸರು ಬರೆದು ಅಂಟಿಸಿದೆವು. ಅಜ್ಜಿಯೊಬ್ಬಳು ಅದನ್ನು ಓದಿಸಿ ಕೇಳಿ, "ನನ್ನ ತೌರಿನ ಒನಕೆ ಕಣ್ಲಾ ಇದು! ಯಾವನೋ ಅಮೆರಿಕದೋನ್ದಂತೆ!" ಎಂದು ಹೆಡ್‌ಮಾಸ್ಟರಿಗೇ ಗದರಿದಳು. ನಕ್ಕು ನಕ್ಕು ನನ್ನ ಹೊಟ್ಟೆ ಹುಣ್ಣಾಯಿತು.

ನೂಲುವುದನ್ನು ಯಾರು ತೋರಿಸುತ್ತೀರಿ ಎಂದಾಗ ಆ ಹುಡುಗಿಯೇ ಕೈ ಎತ್ತಿದ್ದಳು. ಅಮ್ಮ ಕಂಬಳಿ ಹೊತ್ತು ಸಿರಾ ಸಂತೆಗೆ ಹೋಗಿದ್ದಾಳೆ, ಅಜ್ಜಿ ರಾಟೆ ಕೊಟ್ಟಳು ಎಂದು ಬೆಳಿಗ್ಗೆ ತಲೆಯ ಮೇಲೆ ಹೊತ್ತು ತಂದಳು. ಹಜಾರದ ನಡುವೆ ಗೋಣಿ ಹಾಸಿ ಕೂತಳು. ಕ್ಲಾಸಿನಲ್ಲಿ ನಾಲ್ಕು ಸಲ ಕೇಳಿದರೆ ಒಂದು ಮಾತಾಡುವ ಹುಡುಗಿ, ರಾಟೆಯ ಮುಂದೆ ಬೇರೆಯೇ ಆದಳು. ಇನ್‌ಸ್ಪೆಕ್ಟರು ಭೇಷ್ ಎಂದು ಬೆನ್ನು ತಟ್ಟಿ, ಹೆಡ್‌ಮಾಸ್ಟರ ಕೋಣೆಗೆ ತಿಂಡಿಗೆ ಹೋದರು.

ಊರ ಹೆಂಗಸರು ಮಾತ್ರ ಅವಳ ಸುತ್ತಲಿಂದ ಕದಲಲಿಲ್ಲ. ಅವರಲ್ಲಿ ನಿಡುಗಲ್ ಕಡೆಯಿಂದ ತವರಿಗೆ ಬಂದಿದ್ದ ಒಬ್ಬಾಕೆ ಮುಂದೆ ಬಂದು ಕುಕ್ಕರಗಾಲಲ್ಲಿ ಕೂತಳು. ನೂಲನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಮೆಲ್ಲಗೆ ಎಳೆದಳು, ಬೆಳಕಿಗೆ ಹಿಡಿದಳು, ಇನ್ನಷ್ಟು ಎಳೆದಳು. "ಹಸ್ತವಾಸಿ ಮಂಚಿದಿ" ಎಂದು ತೆಲುಗಿನಲ್ಲಿ ಅಂದು, ಪಕ್ಕದವಳತ್ತ ತಿರುಗಿ, "ಕೈಗುಣ ನೋಡೇ, ಒಂದು ಗಂಟಿಲ್ಲ. ಯಾರ ಮನೆ ಮಗಳು?" ಎಂದು ಕೇಳಿದಳು. ನಾನು ಬೀಗಿದೆ. ನನ್ನ ಪಾಠ ಇಷ್ಟು ಚೆನ್ನಾಗಿ ನಡೆದದ್ದು ಅದೇ ಮೊದಲು.

ಅಷ್ಟು ಹೊತ್ತಿಗೆ ಹುಡುಗಿಯ ತಾಯಿ ಬಾಗಿಲಲ್ಲಿ ಕಾಣಿಸಿದಳು. ಬಸ್ಸಿಳಿದವಳು ಮಗಳು ರಾಟೆ ಹೊತ್ತು ಸ್ಕೂಲಿಗೆ ಹೋದದ್ದನ್ನು ಯಾರಿಂದಲೋ ಕೇಳಿ ನೇರ ಇಲ್ಲಿಗೇ ಓಡಿ ಬಂದಿದ್ದಳು, ಮಾರದೆ ಉಳಿದ ಕಂಬಳಿ ಇನ್ನೂ ಹೆಗಲ ಮೇಲಿತ್ತು. ನಿಡುಗಲ್ಲಿನವಳ ಬೆರಳಲ್ಲಿದ್ದ ನೂಲನ್ನು ನೋಡಿದಳು.

"ಅದು ನಾ ತೆಗ್ದಿದ್ದು ಕಣಕ್ಕಾ" ಎಂದಳು. "ಇವ್ಳಿಗೆ ಏನೂ ಬರಕಿಲ್ಲ. ಓದೋ ಹುಡ್ಗಿ, ರಾಟೆ ಮುಟ್ಟಿದ್ದೇ ಇಲ್ಲ."

ಹುಡುಗಿ ತಲೆ ಎತ್ತಿದಳು. ಅಷ್ಟು ಜನರ ಮುಂದೆ ಅಮ್ಮ ಹಾಗಂದದ್ದು ಅವಳಿಗೆ ಅವಮಾನವಾಗಿರಬೇಕು.

"ನಾನೇ ಕಣಮ್ಮಾ ತೆಗ್ದಿದ್ದು, ಇಲ್ ನೋಡು" ಎಂದು ಇನ್ನೊಂದು ಹಿಡಿ ಉಣ್ಣೆ ತೆಗೆದುಕೊಂಡು, ಎಲ್ಲರೂ ನೋಡುತ್ತಿದ್ದಂತೆ ಉದ್ದಕ್ಕೆ ಎಳೆದು ತೋರಿಸಿದಳು. ಹೆಂಗಸರು ನಕ್ಕರು. ನಿಡುಗಲ್ಲಿನವಳೂ ನಕ್ಕಳು. ತಾಯಿ ಕಂಬಳಿಯನ್ನು ಹೆಗಲಿಂದ ಇಳಿಸದೆ ಗೋಡೆಗೆ ಒರಗಿ ನಿಂತಳು.

ವಾರ ಕಳೆಯುವುದರೊಳಗೆ ನಿಡುಗಲ್ಲಿನವಳ ಕಡೆಯವರು ಹುಡುಗಿಯನ್ನು ಕೇಳಲು ಬಂದರು, ಮಾತೂ ಆಯಿತು. ಪರೀಕ್ಷೆಗೆ ಮುಂಚೆಯೇ ಲಗ್ನ. ಹೆಡ್‌ಮಾಸ್ಟರ ಹತ್ತಿರ ಹೋದೆ, ಅದು ಅವರ ಮನೆ ವಿಷಯ ಟೀಚರ್, ನಮಗ್ಯಾಕೆ ಎಂದರು. ಹುಡುಗಿಯ ಮನೆಗೇ ಹೋದೆ. ಅಪ್ಪ ಮಗ್ಗದಿಂದ ಎದ್ದು ಬಂದು ಹೊಸ ಕಂಬಳಿ ಹಾಸಿ ಕೂರಿಸಿದ. ಪರೀಕ್ಷೆ ಆಗುವವರೆಗಾದರೂ ತಡೆಯಿರಿ, ಇನ್ನೇನೂ ಕೇಳುವುದಿಲ್ಲ ಎಂದೆ. ಬೇಡಿಕೊಂಡೆ ಅಂತಲೇ ಹೇಳಬೇಕು.

"ಪರೀಕ್ಸೆ ಮುಂದ್ಲೊರ್ಸಾನೂ ಬತ್ತದೆ ಕಣಮ್ಮ. ಅಂಥ ಮನೆ ಬರಕಿಲ್ಲ" ಎಂದ. ಗಟ್ಟಿಯಾಗಿ ಬೈದಿದ್ದರೆ ನಾನೂ ಜಗಳಕ್ಕೆ ಇಳಿಯುತ್ತಿದ್ದೆ. ಅವನ ದನಿಯಲ್ಲಿ ಮಗಳ ಬಗ್ಗೆ ಹೆಮ್ಮೆ ಬಿಟ್ಟರೆ ಬೇರೇನೂ ಇರಲಿಲ್ಲ. ಹೆಮ್ಮೆಪಡುವವನ ಹತ್ತಿರ ಏನೆಂದು ಜಗಳವಾಡುವುದು?

ಅವನು ಮಗ್ಗಕ್ಕೆ ಮರಳಿದ ಮೇಲೆ ತಾಯಿ ನೀರು ತಂದುಕೊಟ್ಟು ಎದುರಿಗೆ ಕೂತಳು. "ನಮ್ಮೋರು ಹೆಣ್ಣು ನೋಡೋದು ಮುಕದಾಗಲ್ಲ ಟೀಚರಮ್ಮ, ನೂಲ್ನಾಗೆ" ಎಂದಳು. "ಸಂತೆಗೆ ಬಂದಾಗ, ಮನೆಗೆ ಬಂದಾಗ, ಮೊದ್ಲು ಕೇಳೋದೇ ಮಗಳ ನೂಲೆಲ್ಲಿ ಅಂತ. ನಾನು ಇವ್ಳ ನೂಲ್ನ ನನ್ನ ನೂಲ್ನಾಗೆ ಸೇರಿಸ್ಬುಟ್ಟು, ಇದಕ್ಕೆ ಏನೂ ಬರಕಿಲ್ಲ, ದಂಡಪಿಂಡ ಅಂತ ಊರ ಮುಂದೆ ಬಯ್ಕಂಡು ತಿರುಗ್ತಿದ್ದೆ. ಪರೀಕ್ಸೆ ಒಂದ್ ಆಗ್ಲಿ ಅಂತ."

ಗಂಡನಿಗೆ ಹೇಳಿರಲಿಲ್ಲ, ಮಗಳಿಗೆ ಹೇಳಿರಲಿಲ್ಲ, ನನಗೂ ಹೇಳಿರಲಿಲ್ಲ. ಹೇಳಿದರೆ ಎಲ್ಲಿ ಗುಟ್ಟು ಒಡೆದುಹೋಗುತ್ತದೋ ಎಂಬ ಭಯ. ನನ್ನನ್ನು ಆಕೆ ಒಂದು ಮಾತೂ ಅನ್ನಲಿಲ್ಲ. ಅಂದುಬಿಟ್ಟಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಕೊಟ್ಟ ನೀರನ್ನು ಕುಡಿದೆ. ಅದು ಬಿಟ್ಟು ಆ ಮನೆಯಲ್ಲಿ ಮಾಡಲು ನನಗೆ ಏನೂ ಉಳಿದಿರಲಿಲ್ಲ.

ಹುಡುಗಿ ನನ್ನನ್ನು ಬೀದಿಯ ಕೊನೆಯವರೆಗೆ ಬಿಡಲು ಬಂದಳು.

"ಮಿಸ್, ಆ ಪಾಠದ ಕೊನೆ ನಾನು ಕೇಳ್ನಿಲ್ಲ. ಆ ಅಮೆರಿಕದ ಹುಡ್ಗೀರು ಆಮ್ಯಾಕೆ ಓದುದ್ರಾ?"

"ಓದಿದರು. ಕಾಲೇಜಿಗೆ ಹೋದರು, ಡಾಕ್ಟರಾದರು."

"ಆ ನೂಲ್ತಿದ್ರಲ್ಲ, ಅವ್ರೇನಾ?"

ಹೂಂ ಅಂದುಬಿಡಬಹುದಿತ್ತು. ಬಾಯಿ ಬರಲಿಲ್ಲ.

"ಅವರಲ್ಲ ಮಗಾ. ಅವರ ಮೊಮ್ಮಕ್ಕಳು, ಮರಿಮಕ್ಕಳು."



"ಅಂಗಾದ್ರೆ ಅವ್ರು ಸುಮ್ಕೆ ನೂತ್ಕಂಡೇ ಸತ್ತೋದ್ರು" ಎಂದಳು. ಆಮೇಲೆ ನನ್ನ ಮುಖ ನೋಡಿ, "ನೀವ್ ಅಳ್ಬ್ಯಾಡಿ ಮಿಸ್, ಯಾರಾದ್ರೂ ನೋಡ್ತಾರೆ" ಎಂದು ತನ್ನ ಸೆರಗಿನ ತುದಿಯನ್ನು ನನ್ನ ಕೈಗೆ ಕೊಟ್ಟಳು.